ಐವರ ತೂಕದ ನಡು

ಜನವರಿ 9

ಅಮ್ಮ,

ಫೋನಿನಲ್ಲಿ ಮೂರನೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ, ಐದನೇ ಮಾತಿಗೆ ನೀನು ಒಲೆ ಮೇಲೆ ಹಾಲಿದೆ ಅಂತ ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ, ನಾನೂ ಅರ್ಧಕ್ಕೆ ಸಿಟ್ಟು ಮಾಡಿಕೊಂಡು ಎದ್ದುಹೋಗುವಂತಿಲ್ಲ.

ನಮ್ಮ ಎರಕದ ಶೆಡ್ಡಿಗೆ ಒಂದು ಕೆಲಸ ಬಂದಿದೆ. ನೀನು ದುಡಿದ ನೂಲಿನ ಗಿರಣಿಯನ್ನು ಮ್ಯೂಸಿಯಂ ಮಾಡುತ್ತಾರಂತೆ. ಲಾರಿಗೆ ನೂಲಿನ ಮೂಟೆ ಏರಿಸುತ್ತಿದ್ದ ಕಟ್ಟೆ ಇದೆಯಲ್ಲ, ಅದರ ಮೇಲೆ ಐವರು ಹೆಂಗಸರ ಕಂಚಿನ ವಿಗ್ರಹ ನಿಲ್ಲಿಸಬೇಕು. ಮೂವತ್ತಾರು ವರ್ಷದ ಹಿಂದೆ ನೂಲುವ ಕೋಣೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದನ್ನು ನಿಲ್ಲಿಸಿ ಎಂದು ಹತ್ತೊಂಬತ್ತು ದಿನ ಆ ಕಟ್ಟೆಯ ಮೇಲೆ ನಿಂತ ಐವರು. ಕಾರ್ಮಿಕರ ಸಂಘದವರು ಕಳಿಸಿದ ಪಟ್ಟಿಯಲ್ಲಿ ಐದನೇ ಹೆಸರು ನಿನ್ನದು. ಮೇಸ್ತ್ರಿ ಓದಿ, "ಇದು ನಿಮ್ಮಮ್ಮನ ಹೆಸರಲ್ವೇನಮ್ಮಾ?" ಅಂತ ಕೇಳಿದರು. ಹೌದು ಅಂದೆ. ಆಮೇಲೆ ಹತ್ತು ಪ್ರಶ್ನೆ ಕೇಳಿದರು, ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆತ್ತ ತಾಯಿಯ ವಿಷಯ ಗೊತ್ತಿಲ್ಲ ಅಂತ ಹೇಳುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ವಿಗ್ರಹದ ಮುಖ, ಮೂಗು ಮಾಡುವವರು ಬೇರೆ. ನನ್ನದು ನಿಲ್ಲಿಸುವ ಕೆಲಸ. ಬಿದ್ದರೆ ನನ್ನ ತಲೆಗೆ ಬರುತ್ತದೆ. ಆ ಕಟ್ಟೆಗೆ ಆಳವಾಗಿ ಬೋಲ್ಟ್ ಕೊರೆಯುವಂತಿಲ್ಲ, ಕಲ್ಲು ಹಳೆಯದು, ಬಿರುಕು ಬಿಡುತ್ತದೆ. ಹಾಗಾಗಿ ಐವರೂ ಒಂದೇ ಕಂಚಿನ ತಟ್ಟೆಯ ಮೇಲೆ, ತಮ್ಮ ತೂಕದಿಂದಲೇ ಗಟ್ಟಿಯಾಗಿ ನಿಲ್ಲಬೇಕು. ಅದಕ್ಕೆ ಯಾರು ಎಲ್ಲಿ ನಿಂತಿದ್ದರು ಅನ್ನುವುದು ನನಗೆ ಬೇಕು. ಯಾರಿಂದ ಯಾರಿಗೆ ಎಷ್ಟು ಗೇಣು, ಯಾರು ಮುಂದೆ, ಯಾರು ಹಿಂದೆ. ನಿನಗೆ ಹೇಳಲು ಇಷ್ಟವಿಲ್ಲದ್ದನ್ನು ಹೇಳಬೇಡ, ಅಳತೆ ಮಾತ್ರ ಕೊಡು.

ನಿನ್ನ ಮಗಳು

ಜನವರಿ 22

ಮಗಳೇ,

ನಿನ್ನ ಕಾಗದ ಬಂತು. ಅಕ್ಷರ ಇನ್ನೂ ಸುಧಾರಿಸಿಲ್ಲ.

ನಿಂತಿದ್ದೆವು, ಅಷ್ಟೆ. ಅದರಲ್ಲಿ ಹೇಳುವಂಥದ್ದೇನಿದೆ. ಪಾಳಿ ಶುರುವಾದ ಮೇಲೆ ಬಾಗಿಲಿಗೆ ಬೀಗ ಜಡಿಯುತ್ತಿದ್ದರು, ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ಯಾರಿಗಾದರೂ ತಲೆ ಸುತ್ತಿದರೂ ಅಷ್ಟೆ, ಬಸುರಿಯಾಗಿದ್ದರೂ ಅಷ್ಟೆ. ಒಂದು ದಿನ ಐದು ಜನ ಒಳಗೆ ಹೋಗಲಿಲ್ಲ. ಕಟ್ಟೆ ಹತ್ತಿ ನಿಂತೆವು. ಉಳಿದವರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಉಳಿದರು.

ಅಳತೆ ಬರೆದುಕೋ. ನೇರ ಸಾಲಲ್ಲ, ಓರೆ ಸಾಲು. ರಸ್ತೆಯೂ ಕಾಣಬೇಕು, ಬಾಗಿಲೂ ಕಾಣಬೇಕು, ಒಬ್ಬರಿಗೊಬ್ಬರು ಅಡ್ಡ ಬರಬಾರದು, ಅದಕ್ಕೆ. ರಸ್ತೆಯ ಕಡೆಯ ಅಂಚಿನಿಂದ ಸುಮಾರು ನಾಲ್ಕು ಗೇಣು ಹಿಂದೆ, ನಾವು ಉದ್ದಕ್ಕ ಅನ್ನುತ್ತಿದ್ದವಳು. ಅವಳು ಮುಂದೆ ನಿಂತರೆ ಎರಡು ಬೀದಿ ಆಚೆಗೂ ಕಾಣುತ್ತಿದ್ದಳು. ಅವಳಿಗಿಂತ ಅರ್ಧ ಗೇಣು ಹಿಂದೆ ಗುಡುಗಮ್ಮ. ಅವಳು ಮಾತಾಡಿದರೆ ಯಂತ್ರವೇ ನಿಲ್ಲುತ್ತದೆ ಅಂತ ನಾವು ರೇಗಿಸುತ್ತಿದ್ದೆವು. ಆಮೇಲೆ ಮತ್ತೆ ಅರ್ಧ ಗೇಣು ಹಿಂದೆ ಸೂಜಿ, ಅಷ್ಟು ತೆಳ್ಳಗಿದ್ದಳು. ಆಮೇಲೆ ಇನ್ನೂ ಅರ್ಧ ಗೇಣು ಹಿಂದೆ ಕಿವುಡಕ್ಕ. ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡವಳು, ಆದರೆ ಯಾರು ಏನು ಹೇಳುತ್ತಿದ್ದಾರೆಂದು ತುಟಿ ನೋಡಿಯೇ ಹೇಳಿಬಿಡುವಳು. ಅವಳಿಗೂ ಅರ್ಧ ಗೇಣು ಹಿಂದೆ, ಬಾಗಿಲಿಗೆ ಎಲ್ಲರಿಗಿಂತ ಹತ್ತಿರ, ಗಿಡ್ಡಿ. ಗಿಡ್ಡಿ ಅಂದರೆ ನಾನು.

ಮೊದಲ ಮೂವರೂ ಈಗ ಇಲ್ಲ. ಕಿವುಡಕ್ಕ ಪಕ್ಕದ ಬೀದಿಯಲ್ಲೇ ಇದ್ದಾಳೆ.

ಒಂದು ಮಾತು. ನನ್ನನ್ನು ಬಿಟ್ಟು ನಾಲ್ವರನ್ನೇ ಮಾಡಿದರೆ ಆಗುವುದಿಲ್ಲವೇ? ವಿಚಾರಿಸಿ ನೋಡು.

ಅಮ್ಮ

ಫೆಬ್ರವರಿ 16

ಅಮ್ಮ,

ಆಗುವುದಿಲ್ಲ. ಯಾಕೆ ಕೇಳಿದೆ ಅಂತ ನೀನು ಬರೆದಿಲ್ಲ, ಹಾಗಾಗಿ ನಾನೂ ಕೇಳುತ್ತಿಲ್ಲ. ಆದರೆ ಆಗುವುದಿಲ್ಲ.

ನನ್ನ ಕೆಲಸ ಏನು ಅಂತ ನೀನು ಇದುವರೆಗೆ ಒಂದು ಸಲವೂ ಕೇಳಿಲ್ಲ. ಹೆಣ್ಣುಮಗಳು ಕಬ್ಬಿಣ, ಕಂಚು, ಸರಪಳಿ ಅಂತ ಶೆಡ್ಡು ಸೇರಿದಳು ಅನ್ನುವ ಸಿಟ್ಟು ನಿನಗಿನ್ನೂ ಇಳಿದಿಲ್ಲ. ಇರಲಿ, ಕೇಳದಿದ್ದರೂ ಹೇಳುತ್ತೇನೆ.

ಪ್ರತಿಯೊಂದು ವಸ್ತುವಿಗೂ ತೂಕದ ನಡು ಅಂತ ಒಂದು ಜಾಗ ಇರುತ್ತದೆ. ಪುಸ್ತಕದಲ್ಲಿ ದ್ರವ್ಯರಾಶಿ ಕೇಂದ್ರ ಅನ್ನುತ್ತಾರೆ. ವಸ್ತುವಿನ ಭಾರವೆಲ್ಲ ಆ ಒಂದೇ ಚುಕ್ಕಿಯಲ್ಲಿ ಕೂತಿದೆ ಅಂದುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಅದನ್ನು ಹುಡುಕಲು ನಾನು ವಿಗ್ರಹವನ್ನು ಸರಪಳಿಯಿಂದ ಒಂದು ಕಡೆ ನೇತುಹಾಕುತ್ತೇನೆ. ಅದೇ ಕೊಂಡಿಯಿಂದ ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ದಾರ ಹಾದುಹೋದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಆಮೇಲೆ ಬೇರೆ ಕಡೆಯಿಂದ ನೇತುಹಾಕಿ ಇನ್ನೊಂದು ಗೆರೆ. ಎರಡೂ ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೋ ಅದರ ನೇರಕ್ಕೆ ಒಳಗೆ ಆ ಚುಕ್ಕಿ ಇರುತ್ತದೆ. ಹೋದ ವಾರ ನಿನ್ನನ್ನು ಭುಜದಿಂದ ನೇತುಹಾಕಿದ್ದೆ. ಕ್ಷಮಿಸು, ಬೇರೆ ದಾರಿಯಿರಲಿಲ್ಲ.

ಒಬ್ಬೊಬ್ಬರದು ಸಿಕ್ಕ ಮೇಲೆ ಐವರದೂ ಸೇರಿ ಹುಡುಕಬೇಕು. ತಟ್ಟೆಯ ಮುಂದಿನ ಅಂಚಿನಿಂದ (ಅದು ಕಟ್ಟೆಯ ಅಂಚಿಗೆ ಸರಿಸಮ) ಪ್ರತಿಯೊಬ್ಬರೂ ಎಷ್ಟು ದೂರವೋ ಅದನ್ನು ಅವರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ತೂಕದಿಂದ ಭಾಗಿಸಬೇಕು. ಉದ್ದಕ್ಕ ನೂರ ಅರವತ್ತು ಕಿಲೋ, ನೀನು ನೂರ ಇಪ್ಪತ್ತು, ಮಿಕ್ಕ ಮೂವರು ನೂರ ನಲವತ್ತು. ಒಟ್ಟು ಏಳುನೂರು. ಉತ್ತರ ತೊಂಬತ್ತೊಂಬತ್ತು ಸೆಂಟಿಮೀಟರ್. ತಟ್ಟೆಯ ಅಗಲ ಎರಡು ಮೀಟರ್, ಅಂದರೆ ಹೆಚ್ಚು ಕಡಿಮೆ ನಟ್ಟನಡುವೆ. ಎಡಬಲದ ಲೆಕ್ಕವನ್ನೂ ಮಾಡಿದೆ, ಅದೂ ನಡುವಿಗೇ ಬಂತು. ಯಾವ ಲೆಕ್ಕ ಪುಸ್ತಕವನ್ನೂ ನೋಡದೆ ನೀವು ಐದು ಜನ ಹೇಗೆ ನಿಂತಿದ್ದಿರೋ ಹಾಗೆ ನಿಲ್ಲಿಸಿದರೆ ಗಾಳಿಯಲ್ಲ, ಬಿರುಗಾಳಿ ಬಂದರೂ ಅಲ್ಲಾಡುವುದಿಲ್ಲ. ಮೇಸ್ತ್ರಿಗೆ ತೋರಿಸಿದೆ. ಅವರು ಕಾಗದ ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಸಲೀಸಾಗಿ ಬಂದ ಲೆಕ್ಕ ತಾನು ನೋಡಿಯೇ ಇಲ್ಲ ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಮಧ್ಯಾಹ್ನದ ಊಟ ಮರೆತೆ.

ನಾಲ್ವರ ಮಾತು ಇನ್ನು ಎತ್ತಬೇಡ.

ನಿನ್ನ ಮಗಳು

ಮಾರ್ಚ್ 5

ಅಮ್ಮ,

ನೀನು ಉತ್ತರ ಬರೆದಿಲ್ಲ. ಆದರೂ ಬರೆಯುತ್ತಿದ್ದೇನೆ, ತಡೆಯಲಾಗುತ್ತಿಲ್ಲ.

ನಿನ್ನೆ ಒಂದು ಲಾರಿ ಬಂತು. ಅದರಲ್ಲಿ ಯಜಮಾನ ಬಂದಿದ್ದ. ಹೌದು, ನಿಮ್ಮ ಗಿರಣಿಯ ಯಜಮಾನ, ಕಂಚಿನಲ್ಲಿ. ಅವನ ಮಗ, ಎಲ್ಲರೂ ಚಿಕ್ಕಯಜಮಾನ ಅನ್ನುತ್ತಾರಲ್ಲ, ಮ್ಯೂಸಿಯಂ ಕೆಲಸ ನೋಡಿಕೊಳ್ಳುವ ಸ್ಮಾರಕ ಸಮಿತಿಯಲ್ಲಿ ಸೇರಿಕೊಂಡಿದ್ದಾನೆ. ತನ್ನ ಖರ್ಚಿನಲ್ಲಿ ಬೇರೆ ಕಡೆ ಅಪ್ಪನ ವಿಗ್ರಹ ಎರಕ ಹೊಯ್ಯಿಸಿ ನಮ್ಮಲ್ಲಿಗೆ ಕಳಿಸಿದ್ದಾನೆ. ಐವರು ಹೆಂಗಸರ ಮುಂದೆ, ಒಂದು ಕಾಲು ಮುಂದಿಟ್ಟು, ಕೈ ಚಾಚಿ, ಅವರನ್ನು ಕತ್ತಲೆಯಿಂದ ಬೆಳಕಿಗೆ ಕರೆದೊಯ್ಯುವ ಭಂಗಿ. ಬಾಗಿಲು ತೆರೆದವನು ಅವನೇ ಅಂತೆ. ಮನಸ್ಸು ಕರಗಿ ತಾನೇ ಬೀಗ ತೆಗೆದನಂತೆ. ಅದಕ್ಕೆ ಸಾಕ್ಷಿಯಾಗಿ ಒಂದು ಹಳೇ ಫೋಟೋವನ್ನೂ ತಂದಿದ್ದಾರೆ. ಯಜಮಾನ ಬಾಗಿಲನ್ನು ತೆರೆದು ಹಿಡಿದಿದ್ದಾನೆ, ಪಕ್ಕದಲ್ಲಿ ಬೆನ್ನು ಮಾಡಿ ನಿಂತ ಒಬ್ಬ ಹೆಂಗಸು. ಯಾರಮ್ಮ ಅದು? ಗುಡುಗಮ್ಮನೋ, ಸೂಜಿಯೋ?

ವಿಗ್ರಹ ಹೆಂಗಸರಿಗಿಂತ ಒಂದೂವರೆ ಪಟ್ಟು ಎತ್ತರ. ದೊಡ್ಡ ಮನುಷ್ಯ ದೊಡ್ಡದಾಗಿ ಕಾಣಬೇಕಲ್ಲ. ಸಮಿತಿಯ ಕಾರ್ಯದರ್ಶಿ ಒಂದೂವರೆ ಪಟ್ಟು ಎತ್ತರ ಅಂದರೆ ಒಂದೂವರೆ ಪಟ್ಟು ತೂಕ ಅಂದುಕೊಂಡು ಇನ್ನೂರ ಹತ್ತು ಕಿಲೋ ಅಂತ ಬರೆದು ಕಳಿಸಿದ್ದಾರೆ. ನಾನು ಕೊಂಡಿಗೆ ಹಾಕಿ ತೂಗಿದೆ. ನಾನೂರ ಎಪ್ಪತ್ತು ಬಂತು. ಉದ್ದವೂ ಒಂದೂವರೆ, ಅಗಲವೂ ಒಂದೂವರೆ, ದಪ್ಪವೂ ಒಂದೂವರೆ ಆದರೆ ತೂಕ ಮೂರು ಪಟ್ಟು ದಾಟುತ್ತದೆ ಸ್ವಾಮೀ ಅಂತ ಹೇಳಿದ್ದಕ್ಕೆ, ಅಷ್ಟೊಂದು ಹೇಗೆ ಆಗುತ್ತದೆ ಅಂತ ನನ್ನನ್ನೇ ಗದರಿದರು. ತಕ್ಕಡಿಯನ್ನು ಗದರಿ ಅಂದೆ.

ಅವನು ಮುಂದಕ್ಕೆ ಬಾಗಿದ್ದರಿಂದ ಅವನ ತೂಕದ ನಡು ತಟ್ಟೆಯ ಅಂಚಿನಿಂದ ಮೂವತ್ತು ಸೆಂಟಿಮೀಟರ್ ಆಚೆ, ಗಾಳಿಯಲ್ಲಿದೆ. ಆ ಕಟ್ಟೆಯ ಮುಂಭಾಗದ ಅರ್ಧ ಮೀಟರ್ ಬರೀ ಚಾಚಿದ ಚಪ್ಪಡಿ, ಲಾರಿಯ ಹಿಂಬದಿ ಒಳಗೆ ತೂರಲಿ ಅಂತ ಮಾಡಿದ್ದು. ಅದರ ಕೆಳಗೆ ಗೋಡೆಯಿಲ್ಲ, ಭಾರ ಹೊರುವುದಿಲ್ಲ. ಹಾಗಾಗಿ ಆರು ಜನರ ತೂಕದ ನಡು ಅಂಚಿನಿಂದ ಐವತ್ತು ಸೆಂಟಿಮೀಟರಿಗಿಂತ ಹಿಂದೆ ಬೀಳಲೇಬೇಕು. ನನ್ನ ಲೆಕ್ಕದಲ್ಲಿ ನಲವತ್ತೇಳಕ್ಕೆ ಬಂತು. ಮೂರೇ ಮೂರು ಸೆಂಟಿಮೀಟರ್ ಕಡಿಮೆ. ಅಷ್ಟು ಸಾಕು, ಅವನು ಐದು ಜನರನ್ನೂ ಎಳೆದುಕೊಂಡು ರಸ್ತೆಗೆ ಬೀಳುತ್ತಾನೆ.

ಇದನ್ನು ಹೇಳಿದರೆ ಸುಮ್ಮನಾಗುತ್ತಾರೆ ಅಂದುಕೊಂಡೆ. ಕಾರ್ಯದರ್ಶಿ ಐದು ನಿಮಿಷ ಯೋಚಿಸಿ ಪರಿಹಾರ ಹೇಳಿದರು. ಹೆಂಗಸರು ಒಳಗೆ ಟೊಳ್ಳು ತಾನೇ, ಒಬ್ಬೊಬ್ಬಳ ಹೊಟ್ಟೆಗೂ ಅರವತ್ತು ಕಿಲೋ ಸೀಸ ತುಂಬಿಬಿಡಿ, ಹಿಂದಿನ ಭಾರ ಹೆಚ್ಚಾದರೆ ಮುಂದಿನವನು ನಿಲ್ಲುತ್ತಾನೆ, ಹೊರಗೆ ಯಾರಿಗೂ ಕಾಣುವುದಿಲ್ಲ ಅಂತ. ಮೇಸ್ತ್ರಿ ತಲೆಯಾಡಿಸಿದರು. ನಾನು ಲೆಕ್ಕ ಹಾಕಿ ನೋಡಿದೆ. ನಿಲ್ಲುತ್ತಾನೆ ಅಮ್ಮ. ಎಂಟು ಸೆಂಟಿಮೀಟರ್ ಹಿಂದೆ ಬೀಳುತ್ತದೆ, ಸುಭದ್ರ. ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿದ್ದು.

ಬೇಗ ಬರಿ.

ನಿನ್ನ ಮಗಳು

ಮಾರ್ಚ್ 12

ಮಗಳೇ,

ಸೀಸ ತುಂಬು.

ನಿನಗೆ ಕೆಲಸ ಕೊಟ್ಟವರು ಹೇಳಿದ್ದನ್ನು ಮಾಡು. ಮೂವತ್ತಾರು ವರ್ಷದ ಹಿಂದಿನದನ್ನು ಕೆದಕಿ ಯಾರಿಗೂ ಏನೂ ಆಗಬೇಕಾಗಿಲ್ಲ. ಮೂವರು ಸತ್ತಿದ್ದಾರೆ, ಒಬ್ಬಳಿಗೆ ಕೇಳುವುದಿಲ್ಲ, ಉಳಿದವಳಿಗೆ ಬೇಡ. ಕಂಚಿನ ಹೊಟ್ಟೆಯಲ್ಲಿ ಸೀಸ ಇದ್ದರೆಷ್ಟು, ಬಿಟ್ಟರೆಷ್ಟು.

ಆ ಫೋಟೋದ ವಿಷಯಕ್ಕೆ ಹೋಗಬೇಡ. ಹಳೇ ಫೋಟೋದಲ್ಲಿ ಬೆನ್ನು ನೋಡಿ ಯಾರು ಅಂತ ಹೇಗೆ ಹೇಳುವುದು.

ಹವೆ ಬದಲಾಗುತ್ತಿದೆ, ಕೆಮ್ಮು ಬರಿಸಿಕೊಳ್ಳಬೇಡ.

ಅಮ್ಮ

ಮಾರ್ಚ್ 19

ಅಮ್ಮ,

ತುಂಬುವುದಿಲ್ಲ.

ನಿನಗೆ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರಿಂದ ತಿಳಿಯುವುದು ಬೇಡ. ಸೋಮವಾರ ಮೇಸ್ತ್ರಿ ಸೀಸ ಕರಗಿಸಲು ಹೇಳಿದರು. ಆಗುವುದಿಲ್ಲ ಅಂದೆ. ಯಾಕಮ್ಮಾ, ಲೆಕ್ಕ ತಪ್ಪಿದೆಯಾ ಅಂದರು. ಲೆಕ್ಕ ಸರಿಯಾಗಿದೆ, ನಾನೇ ಎರಡು ಸಲ ಮಾಡಿದ್ದೇನೆ, ಆದರೂ ಆಗುವುದಿಲ್ಲ ಅಂದೆ. ಹಾಗಾದರೆ ನಿನ್ನ ತೊಂದರೆ ಏನು ಅಂದರು.

ನನ್ನ ತೊಂದರೆ ಏನು ಅಂತ ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದೆ. ಐದು ಹೆಂಗಸರು ತಾವಾಗಿ, ಯಾರ ಆಸರೆಯೂ ಇಲ್ಲದೆ ನಿಂತಿದ್ದರು. ಈಗಲೂ ನಿಲ್ಲುತ್ತಾರೆ, ಕಾಗದದ ಮೇಲೆ ಇದೆ. ಬೀಳುವವನು ಅವನು. ಅವನು ಬೀಳದಿರಲಿ ಅಂತ ಇವರ ಹೊಟ್ಟೆಯೊಳಗೆ ಭಾರ ತುಂಬಬೇಕು, ಅದೂ ಯಾರಿಗೂ ಕಾಣದ ಹಾಗೆ. ಬದುಕಿದ್ದಾಗ ಇವರ ಬೆವರಿನ ಮೇಲೆ ನಿಂತ, ಈಗ ಇವರ ಹೊಟ್ಟೆಯ ಭಾರದ ಮೇಲೆ ನಿಲ್ಲಬೇಕಂತೆ. ಅಷ್ಟಾದ ಮೇಲೆ ನೋಡುವವರಿಗೆ ಅವನೇ ಇವರನ್ನು ಮುನ್ನಡೆಸುತ್ತಿರುವಂತೆ ಕಾಣಬೇಕಂತೆ. ಇದನ್ನು ನನ್ನ ಕೈಯಿಂದ ಮಾಡಿಸಬೇಡಿ ಅಂದೆ.

ಮೇಸ್ತ್ರಿ ಕೆಟ್ಟವರಲ್ಲ. ತಲೆ ಕೆರೆದುಕೊಂಡು, ಇದು ಸಮಿತಿಯ ತೀರ್ಮಾನ, ನಮ್ಮದಲ್ಲ ಅಂದರು. ನನ್ನನ್ನು ಆ ಕೆಲಸದಿಂದ ತೆಗೆದು ಗೇಟಿನ ಸರಳು ಉಜ್ಜುವ ಕಡೆ ಹಾಕಿದ್ದಾರೆ. ಉಜ್ಜುತ್ತಿದ್ದೇನೆ. ಸೀಸ ತುಂಬುವವರು ಇನ್ನೂ ಯಾರೂ ಮುಂದೆ ಬಂದಿಲ್ಲ, ಯಾಕೆಂದರೆ ತುಂಬಿದ ಮೇಲೆ ನಡು ಎಲ್ಲಿದೆ ಅಂತ ನೋಡಲು ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ.

ಒಂದು ವಿಷಯ ನನಗೆ ಗೊತ್ತಾಯಿತು. ಲೆಕ್ಕ ಯಾರ ಪಕ್ಷವೂ ಅಲ್ಲ. ಅವನು ಬೀಳುತ್ತಾನೆ ಅಂತ ಬಂದಾಗ ಲೆಕ್ಕ ನನ್ನ ಕಡೆ ಇದೆ ಅಂತ ಹಿಗ್ಗಿದ್ದೆ. ಸೀಸ ಹಾಕಿದರೆ ಅದೇ ಲೆಕ್ಕ ಅವನನ್ನೂ ನಿಲ್ಲಿಸುತ್ತದೆ. ಅವನು ಅಲ್ಲಿ ನಿಲ್ಲಬೇಕೋ ಬೇಡವೋ ಅನ್ನುವುದನ್ನು ಬಾಯಿರುವವರು ಹೇಳಬೇಕು. ನೀನು ಆ ಐವರಲ್ಲಿ ಒಬ್ಬಳು. ನಿನಗೆ ಸೀಸ ಬೇಕಾದರೆ ಬಂದು ನೀನೇ ಹೊಯ್ಯಿ, ಸೌಟು ನಾನು ಕೊಡುತ್ತೇನೆ.

ಫೋಟೋದ ನಕಲು ಇದರ ಜೊತೆ ಇಟ್ಟಿದ್ದೇನೆ. ಬೆನ್ನು ನೋಡಿ ಹೇಳಲಾಗದಿದ್ದರೆ ಬೇಡ. ನೋಡು ಮಾತ್ರ.

ಮೊಂಡು ಮಗಳು

ಏಪ್ರಿಲ್ 3

ಮಗಳೇ,

ಹನ್ನೆರಡು ದಿನ ಆ ಫೋಟೋವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೆ. ಇವತ್ತು ತೆಗೆದೆ. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಓದಿ ತಿದ್ದುವುದಿಲ್ಲ.

ಅದು ನಾನು.

ನಾವು ನಿಂತ ಹನ್ನೊಂದನೇ ದಿನ. ನಿನಗೆ ಒಂದೂವರೆ ವರ್ಷ. ಮೂರು ದಿನದಿಂದ ಜ್ವರ ಇಳಿದಿರಲಿಲ್ಲ, ಕುಡಿಸಿದ ಹಾಲನ್ನು ನೀನು ಕಕ್ಕುತ್ತಿದ್ದೆ, ಕಣ್ಣು ಮೇಲೆ ಹೋಗುತ್ತಿತ್ತು. ಗಿರಣಿಯ ಆಸ್ಪತ್ರೆಯಲ್ಲಿ ಹಾಜರಿ ಇದ್ದವರ ಮಕ್ಕಳಿಗೆ ಮಾತ್ರ ಔಷಧಿ. ಆಚೆಯ ಡಾಕ್ಟರ ಹತ್ತಿರ ಹೋಗುವ ಶಕ್ತಿ ನನಗಿರಲಿಲ್ಲ. ಬೆಳಗ್ಗೆ ಎದ್ದು ನಿನ್ನನ್ನು ನಿಮ್ಮಜ್ಜಿಯ ಕೈಗೆ ಕೊಟ್ಟು ಗಿರಣಿಗೆ ಹೋದೆ. ಕಟ್ಟೆ ಹತ್ತಿದೆ. ನಾಲ್ವರ ಮುಂದೆಯೇ ನಡೆದು ಬಾಗಿಲಿಗೆ ಹೋದೆ. ಯಜಮಾನನೇ ಬಂದು ಬೀಗ ತೆಗೆದ. ಬಾಗಿಲು ಹಿಡಿದು, ಬಾಮ್ಮಾ ಬಾ ಅಂದ. ಫೋಟೋ ತೆಗೆಯುವವನನ್ನು ಮೊದಲೇ ಕರೆಸಿ ನಿಲ್ಲಿಸಿದ್ದ. ಹೆಂಗಸರು ಕೆಲಸಕ್ಕೆ ಮರಳಿದರು ಅಂತ ಪೇಪರಿನಲ್ಲಿ ಹಾಕಿಸಲು.

ಫೋಟೋ ಸರಿಯಾಗಿ ನೋಡು. ಬೀಗ ಹಾಕುವ ಚಿಲಕ ಬಾಗಿಲಿನ ಹೊರಮೈಯಲ್ಲಿ ಮಾತ್ರ ಇತ್ತು. ಫೋಟೋದಲ್ಲಿ ಚಿಲಕ ಕಾಣುತ್ತದೆ. ಅಂದಮೇಲೆ ಹೊರಗೆ ನಿಂತು ತೆಗೆದದ್ದು. ಹೊರಗೆ ನಿಂತವನಿಗೆ ನನ್ನ ಬೆನ್ನು ಕಾಣುತ್ತಿದೆ ಅಂದರೆ ನಾನು ಹೊರಗೆ ಬರುತ್ತಿಲ್ಲ, ಒಳಗೆ ಹೋಗುತ್ತಿದ್ದೇನೆ. ನನ್ನ ಎಡಭುಜದ ಮೇಲಿರುವ ಬಿಳಿ ಕಲೆ ನೀನು ಕಕ್ಕಿದ ಹಾಲು. ನಾನು ಒಳಗೆ ಕಾಲಿಟ್ಟ ಮೇಲೆ ಅವನು ಮತ್ತೆ ಬೀಗ ಹಾಕಿದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮೂರು ದಿನ ಒಳಗೆ ಕೆಲಸ ಮಾಡಿದೆ. ನಿನ್ನ ಜ್ವರ ಇಳಿಯಿತು. ಹದಿನಾಲ್ಕನೇ ದಿನ ಮತ್ತೆ ಕಟ್ಟೆ ಹತ್ತಿದೆ, ಆದರೆ ಬಾಗಿಲಿಗೆ ಹೋಗಲಿಲ್ಲ. ಸಾಲಿನ ಹತ್ತಿರ ಹೋಗಿ ನಿಂತೆ. ಗುಡುಗಮ್ಮ ಅವತ್ತು ಬಾಯಿ ಬಿಡಲಿಲ್ಲ. ಉದ್ದಕ್ಕ ತಿರುಗಿ ನೋಡಲಿಲ್ಲ. ಕಿವುಡಕ್ಕ ಮಾತ್ರ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆಮೇಲೆ ಯಾರೂ ಆ ಮೂರು ದಿನದ ಮಾತೆತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸೀಸ ತುಂಬು ಅಂದೆನಲ್ಲ, ಅದು ನಿನ್ನ ಕೆಲಸದ ಚಿಂತೆಯಿಂದ ಅಲ್ಲ. ಜಗಳ ಶುರುವಾದರೆ ಆ ಫೋಟೋದಲ್ಲಿರುವವಳು ಯಾರು ಅನ್ನುವುದು ಹೊರಗೆ ಬರುತ್ತದೆ ಅಂತ. ನನ್ನ ಮಾನ ಉಳಿಸಿಕೊಳ್ಳಲು ಅವನನ್ನು ಅವರ ಮುಂದೆ ನಿಲ್ಲಿಸಲು ಹೊರಟಿದ್ದೆ. ಬರೆದ ಮೇಲೆ ಎಷ್ಟು ಅಸಹ್ಯ ಅನ್ನಿಸುತ್ತಿದೆ ನೋಡು.

ಸಮಿತಿಯ ಸಭೆ ಯಾವತ್ತು, ಎಷ್ಟು ಗಂಟೆಗೆ?

ಅಮ್ಮ

ಏಪ್ರಿಲ್ 8

ಅಮ್ಮ,

ಹದಿನಾರನೇ ತಾರೀಕು, ಬೆಳಗ್ಗೆ ಹನ್ನೊಂದಕ್ಕೆ, ಗಿರಣಿಯ ಹಳೇ ಆಫೀಸಿನಲ್ಲಿ. ನನ್ನನ್ನು ಕರೆದಿಲ್ಲ, ರಜೆಯೂ ಕೊಟ್ಟಿಲ್ಲ.

ಹೋಗು ಅಂತ ನಾನು ಹೇಳುವುದಿಲ್ಲ. ಹೇಳುವ ಅಧಿಕಾರ ನನಗಿಲ್ಲ, ಆ ಜ್ವರ ನನ್ನದಾಗಿತ್ತು. ಬೇಡ ಅಂತಲೂ ಹೇಳುವುದಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಓದಲು ಆಗಲಿಲ್ಲ.

ನಿನ್ನ ಮಗಳು

ಏಪ್ರಿಲ್ 17

ಮಗಳೇ,

ಹೋಗಿಬಂದೆ. ಕಿವುಡಕ್ಕನನ್ನೂ ಕರೆದುಕೊಂಡು ಹೋದೆ. ಎಲ್ಲಿಗೆ ಅಂತ ಅವಳು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಂದಳು.

ನಮ್ಮನ್ನು ನೋಡಿ ಎಲ್ಲರೂ ಎದ್ದು ನಿಂತರು, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಚಿಕ್ಕಯಜಮಾನ ನನ್ನ ಕೈ ಹಿಡಿದು, ಅಪ್ಪ ನಿಮ್ಮನ್ನೆಲ್ಲ ಎಷ್ಟು ಗೌರವದಿಂದ ನೆನೆಯುತ್ತಿದ್ದರು ಅಂತ ಶುರು ಮಾಡಿದ. ನಾನು ಕೈ ಬಿಡಿಸಿಕೊಂಡು ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟೆ. ಚಿಲಕ ತೋರಿಸಿದೆ. ಬೇಕಾದರೆ ಬಾಗಿಲು ಇಲ್ಲೇ ಇದೆ, ಎದ್ದು ಬಂದು ನೋಡಿ ಅಂದೆ. ಇಬ್ಬರು ಎದ್ದು ಹೋಗಿ ನೋಡಿ ಬಂದರು. ಚಿಲಕ ಹೊರಗೇ ಇತ್ತು.

ಚಿಕ್ಕಯಜಮಾನ, ಇರಬಹುದು, ಆದರೆ ಒಳಗೆ ಹೋಗುತ್ತಿರುವವಳು ಯಾರೋ ಮುಷ್ಕರಕ್ಕೆ ಸೇರದ ಹೆಂಗಸಿರಬೇಕು, ಅವಳ ವಿಷಯ ಇಲ್ಲಿ ಯಾಕೆ ಅಂದ. ಆಗ ನಾನು ಹೇಳಿದೆ. ಅವಳು ನಾನು, ಐವರಲ್ಲಿ ಒಬ್ಬಳು, ಮಗುವಿನ ಔಷಧಿಗಾಗಿ ಮೂರು ದಿನ ಸಾಲು ಬಿಟ್ಟು ಹೋದವಳು. ನಿಮ್ಮಪ್ಪ ತೆರೆದದ್ದು ನನ್ನನ್ನು ಒಳಗೆ ಹಾಕಿ ಬೀಗ ಜಡಿಯಲು. ಹತ್ತೊಂಬತ್ತನೇ ದಿನ ಬೀಗ ತೆಗೆದದ್ದು ಕಾವಲುಗಾರ, ಯಜಮಾನ ಅವತ್ತು ಊರಲ್ಲೇ ಇರಲಿಲ್ಲ.

ಆಮೇಲೆ ಚಿಕ್ಕಯಜಮಾನ ನಕ್ಕು, ಹಾಗಾದರೆ ಸಾಲು ಬಿಟ್ಟು ಹೋದವರೂ ವಿಗ್ರಹ ಆಗುತ್ತಾರೆ, ನಮ್ಮಪ್ಪ ಮಾತ್ರ ಆಗಬಾರದು ಅನ್ನಿ ಅಂದ. ಆ ಮಾತನ್ನು ಮೂವತ್ತಾರು ವರ್ಷದಿಂದ ನಾನೇ ನನಗೆ ಹೇಳಿಕೊಂಡಿದ್ದೆ.

ಕಿವುಡಕ್ಕ ಅವನ ತುಟಿಯನ್ನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟು ಹೇಳಿದಳು: "ಇವಳು ಹೋದ್ಲು, ವಾಪಸ್ ಬಂದ್ಲು. ನಿಮ್ಮಪ್ಪ ಒಂದು ದಿನಾನೂ ಬಂದು ನಮ್ಮ ಜೊತೆ ನಿಲ್ಲಲಿಲ್ಲ. ಇದನ್ನ ಬರ್ಕೊಳ್ಳಿ."

ಕಾರ್ಯದರ್ಶಿ ನಿಜವಾಗಿಯೂ ಬರೆದುಕೊಂಡರು. ಚಿಕ್ಕಯಜಮಾನ ಫೈಲು ಎತ್ತಿಕೊಂಡು ಎದ್ದು ಹೋದ. ಯಜಮಾನನ ವಿಗ್ರಹ ಬೇಡವೆಂದು ಆಮೇಲೆ ಒಂಬತ್ತು ಕೈ ಎದ್ದವು, ಬೇಕೆಂದು ಎರಡು. ಐವರ ವಿಗ್ರಹ ಕಾರ್ಮಿಕರ ಸಂಘದ್ದೇ ಆದ್ದರಿಂದ ಅದಕ್ಕೇನೂ ಅಡ್ಡಿಯಿಲ್ಲವಂತೆ.

ಈಗ ನನ್ನದೊಂದು ಬೇಡಿಕೆ. ಅವನನ್ನು ಇಳಿಸಿದ್ದಾಯಿತು, ನನ್ನನ್ನು ಸಾಲಿನಿಂದ ಒಂದು ಗೇಣು ಹಿಂದಕ್ಕೆ ನಿಲ್ಲಿಸು. ಮೂರು ದಿನ ಬಿಟ್ಟುಹೋದವಳು ಬಿಡದೆ ನಿಂತವರ ಸಮ ನಿಲ್ಲಬಾರದು. ಇದು ಅಳತೆ, ನೀನು ಕೇಳಿದ್ದೂ ಅಳತೆಯೇ.

ಅಮ್ಮ

ಮೇ 2

ಅಮ್ಮ,

ಸಭೆಯ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಶೆಡ್ಡಿಗೆ ಬಂದಿತ್ತು. ಮೇಸ್ತ್ರಿ ನನ್ನ ಕೈಯಿಂದ ಉಜ್ಜುಕಾಗದ ಕಿತ್ತುಕೊಂಡು, ಹೋಗಮ್ಮಾ ನಿನ್ನ ಹೆಂಗಸರನ್ನ ನೋಡ್ಕೋ ಅಂದರು. ಯಜಮಾನನನ್ನು ಮೂಲೆಗೆ ಸರಿಸಬೇಕಾಗಿತ್ತು. ಒಬ್ಬನನ್ನೇ ನಿಲ್ಲಿಸಲು ನೋಡಿದೆವು. ನಿಲ್ಲಲಿಲ್ಲ. ಅವನ ತೂಕದ ನಡು ಅವನ ಕಾಲಿನಿಂದ ಮುಂದೆ ಬೀಳುತ್ತದೆ, ಹಿಂದೆ ಯಾರಾದರೂ ಹಿಡಿದಿರಲೇಬೇಕು. ಕೊನೆಗೆ ಹಳೇ ಟೈರುಗಳ ಮೇಲೆ ಬೋರಲು ಮಲಗಿಸಿದೆವು. ಮಗ ಇನ್ನೂ ಒಯ್ಯಲು ಬಂದಿಲ್ಲ.

ನಿನ್ನ ಬೇಡಿಕೆಯ ಲೆಕ್ಕ ಮಾಡಿದೆ. ನಿನ್ನನ್ನು ಒಂದು ಗೇಣು ಹಿಂದೆ ಸರಿಸಿದರೆ ಹಿಂದೆ ಹೋಗುವುದು ನೀನೊಬ್ಬಳೇ ಅಲ್ಲ. ಐವರ ನಡುವೇ ಮೂರೂವರೆ ಸೆಂಟಿಮೀಟರ್ ಹಿಂದಕ್ಕೆ ಬರುತ್ತದೆ. ಉದ್ದಕ್ಕ ತಾನು ನಿಂತಲ್ಲೇ ಇರುತ್ತಾಳೆ, ಗುಡುಗಮ್ಮ ಅಲ್ಲೇ ಇರುತ್ತಾಳೆ, ಆದರೂ ಅವರೆಲ್ಲರ ನಡು ನಿನ್ನ ಜೊತೆ ಹೊರಡುತ್ತದೆ. ಬೀಳುವುದಿಲ್ಲ, ಅದರ ಭಯ ಬೇಡ. ಆದರೆ ನೀನು ಹೋದ ಮೂರು ದಿನವೂ ಹೀಗೇ ಆಗಿರಬೇಕು. ನೀನು ವಾಪಸ್ ಬಂದ ದಿನ ಆ ನಡುವೂ ತನ್ನ ಜಾಗಕ್ಕೆ ಬಂದಿರಬೇಕು.

ಹಾಗಾಗಿ ನಾನು ಒಪ್ಪುವುದಿಲ್ಲ. ಮೇಸ್ತ್ರಿಗೆ ಆಗುವುದಿಲ್ಲ ಅಂದೆ, ಕಾರ್ಯದರ್ಶಿಗೆ ಅಂದೆ, ಈಗ ನಿನಗೂ ಅನ್ನುತ್ತಿದ್ದೇನೆ. ಕಿವುಡಕ್ಕ ಒಂದು ಹೆಜ್ಜೆ ಸರಿದು ಕೊಟ್ಟ ಜಾಗ ಅದು. ಅದನ್ನು ವಾಪಸ್ ಕೊಡುವ ಹಕ್ಕು ನಿನಗಿಲ್ಲ. ನಿನ್ನನ್ನು ಹಿಂದೆ ನಿಲ್ಲಿಸಿದರೆ ನನ್ನ ಜ್ವರಕ್ಕೆ ನಾನೇ ತಪ್ಪು ಹೊರಿಸಿದ ಹಾಗಾಗುತ್ತದೆ. ಅದನ್ನು ನಾನು ಮಾಡಲಾರೆ.

ತಟ್ಟೆಗೆ ಕೊರೆದ ತೂತುಗಳು ಹಳೇ ಅಳತೆಯವೇ. ಮೇ ಇಪ್ಪತ್ತಕ್ಕೆ ಲಾರಿ ಹೊರಡುತ್ತದೆ. ಬಯ್ಯುವುದಿದ್ದರೆ ಅಷ್ಟರೊಳಗೆ ಬರಿ.

ನಿನ್ನ ಮಗಳು

ಮೇ 11

ಮಗಳೇ,

ನಿನ್ನ ಕಾಗದವನ್ನು ಕಿವುಡಕ್ಕನಿಗೆ ತೋರಿಸಿದೆ. ಅವಳು ಲೆಕ್ಕದ ಭಾಗ ಬಿಟ್ಟು ಉಳಿದದ್ದು ಓದಿ, ಇವಳಿಗೆ ಬುದ್ಧಿ ನಿನ್ನಿಂದ ಬಂದದ್ದಲ್ಲ ಅಂದಳು.

ಸರಿ, ಹಿಂದೆ ಬೇಡ. ಎಲ್ಲಿದ್ದೆನೋ ಅಲ್ಲೇ ನಿಲ್ಲಿಸು. ಆದರೆ ಸುಮ್ಮನೆ ನಿಲ್ಲುವುದಕ್ಕೆ ನಾನೂ ಒಪ್ಪುವುದಿಲ್ಲ. ನೋಡಲು ಬಂದವರು ಐದೂ ಜನ ಕಂಚಿನಷ್ಟೇ ಗಟ್ಟಿಯಾಗಿದ್ದರು ಅಂದುಕೊಂಡು ಮನೆಗೆ ಹೋಗಬಾರದು. ಅಂದುಕೊಂಡರೆ, ಮನೆಯಲ್ಲಿ ಜ್ವರದ ಮಗುವಿರುವ ಹೆಂಗಸು ಇದು ನನ್ನಿಂದಾಗುವ ಕೆಲಸವಲ್ಲ ಅಂತ ತಿರುಗಿ ನೋಡದೆ ಹೋಗುತ್ತಾಳೆ.

ಕಾರ್ಯದರ್ಶಿಯ ಹತ್ತಿರ ಹೋಗಿದ್ದೆ. ಭಾನುವಾರ ಭಾನುವಾರ ಬೆಳಗ್ಗೆ ಆ ಕಟ್ಟೆಯ ಹತ್ತಿರ ನನಗೊಂದು ಸ್ಟೂಲು ಬೇಕು ಅಂದೆ. ಯಾಕೆ ಅಂದರು. ಐದನೆಯವಳು ಮೂರು ದಿನ ಎಲ್ಲಿಗೆ ಹೋಗಿದ್ದಳು, ಹೇಗೆ ವಾಪಸ್ ಬಂದಳು ಅಂತ ಹೇಳಲು ಅಂದೆ. ಅದಕ್ಕೆಲ್ಲ ಅನುಮತಿ ಬೇಕಾಗುತ್ತದೆ, ಅರ್ಜಿ ಕೊಡಿ, ಸಮಿತಿ ನೋಡುತ್ತದೆ ಅಂದರು. ನೋಡಲಿ. ಸ್ಟೂಲು ಕೊಟ್ಟರೆ ಕೂತು ಹೇಳುತ್ತೇನೆ, ಕೊಡದಿದ್ದರೆ ನಿಂತು ಹೇಳುತ್ತೇನೆ. ಆ ಕಟ್ಟೆಯ ಮೇಲೆ ನಿಂತು ನನಗೆ ಅಭ್ಯಾಸ ಇದೆ.

ಅಮ್ಮ